ಎಣ್ಣೆ ಗಟ್ಟಿಯಾಗುವಷ್ಟು ತಂಪು

ಸ್ಟೂಲಿನ ಮೇಲೆ ನಿಂತು ಎಸಿಯ ಬಾಯಿಗೆ ಅಂಗೈ ಹಿಡಿದಿದ್ದ ಮಹಾನಂದಾಳಿಗೆ, ಬರುತ್ತಿರುವ ಗಾಳಿ ತಣ್ಣಗಿದೆಯೋ ಇಲ್ಲವೋ ಎಂಬುದೇ ತಿಳಿಯದಾಯಿತು. ಬಲಗೈ ತೆಗೆದು ಎಡಗೈ ಹಿಡಿದಳು. ಒಮ್ಮೆ ತಂಪೆನ್ನಿಸಿತು, ಮರುಗಳಿಗೆ ಇಲ್ಲವೆನ್ನಿಸಿತು. ಅಷ್ಟರಲ್ಲಿ ಎದೆಯ ಕೆಳಗೆಲ್ಲೋ ಒಲೆ ಹೊತ್ತಿಕೊಂಡಂತಾಗಿ, ಕಾವು ಕುತ್ತಿಗೆಗೆ, ಕಿವಿಗೆ, ನೆತ್ತಿಗೆ ಏರಿತು. ಕುಪ್ಪಸದ ಬೆನ್ನು ಒದ್ದೆಯಾಯಿತು. ಇನ್ನು ಈ ಕೈಯನ್ನು ಕೇಳಿ ಉಪಯೋಗವಿಲ್ಲ ಎಂದು ಇಳಿಸಿದಳು.

"ಅಲ್ಲೇನ ಹುಡಕಾಕತ್ತಿ ಬೇ? ಬಿದ್ದಗಿದ್ದಿ," ಎಂದಳು ಅತ್ತೆ ಲಕ್ಕವ್ವ, ಮಂಚದ ಮೇಲೆ ಕೌದಿಯೊಳಗಿಂದ ಮುಖವಷ್ಟೇ ಹೊರಗೆ ಹಾಕಿ.

"ಗಾಳಿ ತಣ್ಣಗ ಬರತೈತೇನ್ರಿ ಅತ್ತಿ?"

"ನನಗ ಥಂಡಿ ಹತ್ತೇತಿ. ಕಾಣವಲ್ದೇನು, ಕೌದಿ ಹೊಚಗೊಂಡೇನಿ."

"ನೀವು ಒಲಿ ಮುಂದ ಕುಂತಾಗೂ ಕೌದಿ ಹೊಚಗೋತೀರಿ."

"ಮುದುಕಿ ಆಗೇನಿ, ರಕ್ತ ತೆಳ್ಳಗಾಗೇತಿ. ನಿನಗೂ ದಿನಾ ಬಂದಾವ ನೋಡವ್ವ. ಮುಟ್ಟ ನಿಲ್ಲೂ ಹೊತ್ತು. ಇದು ಒಳಗಿನ ಸೆಕಿ, ಯಾವ ಮಿಷನ್ನೂ ಆರಸೂದಿಲ್ಲ ಇದನ್ನ." ಲಕ್ಕವ್ವ ಮತ್ತೆ ಕೌದಿಯೊಳಗೆ ಮುಳುಗಿದಳು.

ಹೊರಗೆ ಅಥಣಿ ರಸ್ತೆಯ ಕಡೆಯಿಂದ ಮೇ ತಿಂಗಳ ಬಿಸಿಗಾಳಿ ಧೂಳನ್ನು ಹೊತ್ತು ತಂದು ಕಿಟಕಿಯ ಗಾಜಿಗೆ ಉಜ್ಜುತ್ತಿತ್ತು. ಟಿಕೋಟಾದ ಶಾಲೆಗೆ ರಜೆ. ಇಲ್ಲವಾದರೆ ಈ ಹೊತ್ತಿಗೆ ಮಹಾನಂದಾ ನಾಲ್ಕನೆಯ ಇಯತ್ತೆಯ ಮಕ್ಕಳ ನಡುವೆ ಇರುತ್ತಿದ್ದಳು. ಹೊಟ್ಟೆ ನೋವೆಂದು ಬರುವ ಹುಡುಗನ ಮುಖ ನೋಡಿದರೆ ನಿಜವೋ ನೆಪವೋ ಹೇಳಬಲ್ಲವಳು ಅವಳು. ಈಗ ತನ್ನ ಮೈ ಹೇಳುವುದು ನಿಜವೋ ನೆಪವೋ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಎಸಿ ಹೋದ ವರ್ಷದ್ದು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ತನಗಾಗಿ ಬಾಯಿಬಿಟ್ಟು ಕೇಳಿದ ವಸ್ತು ಅದೊಂದೇ. ಹೋದ ಬೇಸಿಗೆಯಲ್ಲಿ ಈ ಕೋಣೆಯಲ್ಲಿ ಮಲಗಿದರೆ ಕಾವು ಬಂದರೂ ಬಂದ ದಾರಿಯಲ್ಲೇ ಹೋಗುತ್ತಿತ್ತು. ಈ ವರ್ಷ ಯುಗಾದಿ ಕಳೆದದ್ದೇ ಎಲ್ಲ ಕೆಟ್ಟಿತು. ಅಂಕಿಯನ್ನು ಇಳಿಸುತ್ತ ಇಳಿಸುತ್ತ ಹದಿನೆಂಟಕ್ಕೆ ತಂದಿದ್ದಳು. ಆದರೂ ಬೆಳಗಾಗುವ ಹೊತ್ತಿಗೆ ದಿಂಬು ಹಿಂಡಿದರೆ ನೀರು ಬರುವಂತಿರುತ್ತಿತ್ತು. ಗಂಡ ಸತೀಶಕುಮಾರ ನೀರಾವರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಎಸಿ ಗಾಳಿ ಬಡಿದರೆ ಅವನಿಗೆ ಕುತ್ತಿಗೆ ಹಿಡಿಯುತ್ತದೆ, ಆದ್ದರಿಂದ ಪಡಸಾಲೆಯ ಫ್ಯಾನಿನ ಕೆಳಗೇ ಅವನ ಹಾಸಿಗೆ. ಅವಳು ಕರೆದಾಗ ಬಿಸಿಲಿನಿಂದ ನೇರ ಒಳಗೆ ಬಂದು ಒಂದು ಗಳಿಗೆ ನಿಂತು, "ಥಣ್ಣಗ ಐತಲ್ಲ" ಎಂದು ಹೊರಟುಬಿಡುತ್ತಿದ್ದ. ಸಿದ್ಧೇಶ್ವರ ಗುಡಿಯ ಹತ್ತಿರದ ಡಾಕ್ಟರಮ್ಮನೂ ಇದು ವಯಸ್ಸಿನದೇ ಎಂದು ನಿದ್ದೆಗೊಂದು ಗುಳಿಗೆ ಬರೆದುಕೊಟ್ಟಿದ್ದರು. ಗುಳಿಗೆಯ ಪಟ್ಟಿ ಇನ್ನೂ ಒಡೆಯದೆ ಗೂಡಿನಲ್ಲಿತ್ತು.

ಆ ಬೆಳಗ್ಗೆ ಸತೀಶಕುಮಾರ ಚಹಾ ಕುಡಿಯುತ್ತ ಹೇಳಿದ್ದ: "ಐತವಾರ ತಮ್ಮನ ಗಾಡಿ ಹೊನವಾಡದಿಂದ ಬರತೈತಿ. ಎಸಿ ಬಿಚ್ಚಿ ಕಳಿಸೂಣು. ಅಂವಾ ಕೇಳಾಕತ್ತಾನ. ನಿನಗ ಹ್ಯಾಂಗೂ ಅದ್ರಿಂದ ಏನೂ ಆಗವಲ್ದು. ನೀ ಗುಳಿಗಿ ಚಾಲೂ ಮಾಡು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿಯೇ ಇತ್ತು. ಅದಕ್ಕೇ ಅವನ ಮಾತು ಅವಳಿಗೂ ನಿಜವೆನ್ನಿಸಿತು. ಇರಬಹುದು, ಎಲ್ಲ ತನ್ನೊಳಗೇ ಇರಬಹುದು.

ಇಳಿಹೊತ್ತಿಗೆ ಲಕ್ಕವ್ವ ಎದ್ದು ಕುಳಿತು ತಲೆ ಬಾಚಿಸಿಕೊಳ್ಳಲು ಬೆನ್ನು ಕೊಟ್ಟಳು. ಎಸಿಯ ಕೆಳಗಿನ ಹಲಗೆಯ ಮೇಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಮಹಾನಂದಾ ಅಂಗೈಗೆ ಬಗ್ಗಿಸಿದಳು. ಎಣ್ಣೆ ನೀರಿನ ಹಾಗೆ ಸುರಿದು, ಬೆರಳ ಸಂದಿಯಿಂದ ಇಳಿದು ಸೀರೆಗೆ ಬಿತ್ತು.

"ಈ ವರ್ಸ ಎಣ್ಣಿ ಛಲೋ ಐತಿ ನೋಡು," ಎಂದಳು ಲಕ್ಕವ್ವ. "ಹೋದ ವರ್ಸ ಕಲ್ಲಾಗಿ ಕುಂದರತಿತ್ತು. ದಿನಾ ಬಿಸಲಿಗಿ ಇಟ್ಟು ಕರಗಸೂದ ಒಂದು ಕೆಲಸಾಗಿತ್ತು."

ಮಹಾನಂದಾಳ ಕೈ ಅತ್ತೆಯ ನೆತ್ತಿಯ ಮೇಲೆಯೇ ನಿಂತಿತು. ಹೋದ ವರ್ಷ ಇದೇ ಹಲಗೆ. ಇದೇ ಬಾಟಲಿ ಬೆಳಗ್ಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು. ಕಡ್ಡಿ ಹಾಕಿ ಕೆದಕಿ ತೆಗೆದದ್ದೂ ನೆನಪಿದೆ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ಅಲುಗಿಸಿದಳು. ಎಣ್ಣೆ ತಿಳಿಯಾಗಿ ತುಳುಕಿತು.

"ಅತ್ತಿ, ಎಣ್ಣಿಗೂ ಮುಟ್ಟ ನಿಲ್ಲೂ ಹೊತ್ತು ಬಂದೈತೇನ್ರಿ?"

ಲಕ್ಕವ್ವ ನಗುತ್ತ ನಗುತ್ತ ಕೆಮ್ಮಿದಳು. "ಹುಚ್ಚಿ, ಎಣ್ಣಿಗೆಲ್ಲಿ ಮುಟ್ಟು?"

ಮಹಾನಂದಾ ಗಂಡನಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿ, "ಈಗಿನ ಎಣ್ಣಿ ಕಲಬೆರಕಿ ಇರತೈತಿ, ಗಟ್ಟಿ ಎಲ್ಲಿ ಆಗತೈತಿ. ಸಾಹೇಬ್ರು ಕರ್ಯಾಕತ್ತಾರ, ಇಡತೇನಿ," ಎಂದ. ಆಮೇಲೆ ಅವಳು ಎಸಿ ಕೂಡಿಸಿಕೊಟ್ಟಿದ್ದ ಜಾಹೀದನಿಗೆ ಫೋನು ಹಚ್ಚಿದಳು.

"ಟೀಚರ್, ಮೇ ತಿಂಗಳಾಗ ನಾ ಮಂತ್ರಿ ಇದ್ದಂಗ್ರಿ, ಯಾರ ಕೈಗೂ ಸಿಗೂದಿಲ್ಲ," ಎಂದ ಜಾಹೀದ. ಯಾವುದೋ ಮನೆಯ ಗೋಡೆಗೆ ಡ್ರಿಲ್ ಹೊಡೆಯುವ ಸದ್ದು ಹಿಂದಿನಿಂದ ಕೇಳುತ್ತಿತ್ತು. "ಕೂಡಿಸಿದ ಮ್ಯಾಲ ಫಿಲ್ಟರ್ ತೊಳದೀರೇನ್ರಿ?"

"ಅದನ್ನ ತೊಳೀಬೇಕೇನಪಾ?"

"ತಿಂಗಳಿಗೊಮ್ಮೆರ ತೊಳೀಬೇಕ್ರಿ, ನಮ್ಮೂರ ಧೂಳಿಗೆ. ಮೇನ್ ಸ್ವಿಚ್ ಬಂದ್ ಮಾಡಿ, ಮುಂದಿನ ಮುಚ್ಚಳಾ ಎತ್ತರಿ, ಜಾಳಗಿ ಕೈಗೇ ಬರತಾವ. ನೆರಳಾಗ ಒಣಗಸ್ರಿ. ಆಮ್ಯಾಲ ಮಾಳಗಿ ಮ್ಯಾಲಿನ ಡಬ್ಬಿಗೆ ಗಾಳಿ ಆಡತೈತೇನ ನೋಡ್ರಿ. ಅಷ್ಟಕ್ಕೂ ಆಗಲಿಲ್ಲಂದ್ರ ನಾ ಬರತೇನಿ."

ಮುಚ್ಚಳ ಎತ್ತಿದಾಗ ಮಹಾನಂದಾಳಿಗೆ ನಾಚಿಕೆಯಾಯಿತು. ದಿನಾ ನೆಲ ಒರೆಸುವ ಮನೆಯಲ್ಲಿ, ದಿನಾ ಉಸಿರಾಡುವ ಗಾಳಿಯ ದಾರಿಯಲ್ಲಿ ಬೂದು ಬಣ್ಣದ ಕಂಬಳಿಯೇ ಬೆಳೆದಿತ್ತು. ಬಚ್ಚಲಿನಲ್ಲಿ ಕೂತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದಳು. ಕಪ್ಪು ನೀರು ಹರಿದುಹೋಗಿ ಜಾಳಿಗೆಯ ಕಣ್ಣುಗಳು ಒಂದೊಂದಾಗಿ ತೆರೆದುಕೊಂಡವು. ಅದನ್ನು ಹಿತ್ತಲ ಬಾಗಿಲ ನೆರಳಿಗೆ ಆನಿಸಿಟ್ಟು ಮಾಳಿಗೆಯ ಮೆಟ್ಟಿಲು ಹತ್ತಿದಳು.

ಮಾಳಿಗೆ ಲಕ್ಕವ್ವನ ರಾಜ್ಯ. ಬೇಸಿಗೆ ಬಂದರೆ ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿ ಬಂದು ಹಪ್ಪಳ, ಸಂಡಿಗೆ ಒಣಹಾಕುತ್ತಾಳೆ. ನೀರಿನ ಟಾಕಿಯ ಹಿಂದೆ ಹಸಿರು ನೆಟ್ಟು ಕಟ್ಟಿದ್ದು ಕೆಳಗಿನಿಂದ ಕಂಡಾಗಲೆಲ್ಲ, ಕಾಗೆಗಳಿಗೆ ಅಡ್ಡ ಕಟ್ಟಿರಬೇಕು ಎಂದುಕೊಂಡು ಮಹಾನಂದಾ ಸುಮ್ಮನಾಗಿದ್ದಳು. ಈಗ ಟಾಕಿಯನ್ನು ಬಳಸಿ ಹೋಗಿ ನೋಡಿದರೆ ಅಲ್ಲಿ ಸಂಡಿಗೆಯೂ ಇರಲಿಲ್ಲ, ಕಾಗೆಯೂ ಇರಲಿಲ್ಲ. ಎಸಿಯ ಹೊರಗಿನ ಡಬ್ಬಿಯನ್ನು ನಾಲ್ಕೂ ಕಡೆಯಿಂದ, ನೆತ್ತಿಯಿಂದ ಬುಡದವರೆಗೆ, ಕೂಸಿಗೆ ಕುಂಚಿಗೆ ಸುತ್ತಿದ ಹಾಗೆ ನೆಟ್ಟಿನಲ್ಲಿ ಸುತ್ತಲಾಗಿತ್ತು. ಹೊನವಾಡದ ತಮ್ಮ ಮನೆತನದ ತೋಟದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ಕಟ್ಟುವ ಅದೇ ನೆಟ್ಟು. ಅದರ ಬಾಯಿಗೆ ಅದೇ ಬಿಗಿಯಾದ ಗಂಟು, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು.

ಒಂದು ಪದರವಲ್ಲ. ಎಲ್ಲಕ್ಕಿಂತ ಒಳಗಿನದು ಬಿಸಿಲಿಗೆ ಮಾಸಿ ಧೂಳಿನಿಂದ ಗೋಡೆಯಂತೆ ಗಟ್ಟಿಯಾಗಿತ್ತು. ಅದರ ಮೇಲಿನದನ್ನು ಕಟ್ಟಿದ್ದು ತನ್ನದೇ ಹಳೆಯ ಇಳಕಲ್ ಸೀರೆಯ ಅಂಚಿನಿಂದ. ಯುಗಾದಿಗೆ ಒರೆಸುವ ಅರಿವೆಗೆಂದು ಹರಿದ ಸೀರೆ ಅದು. ತೀರ ಮೇಲಿನದರ ಮಡಿಕೆ ಇನ್ನೂ ಮುರಿದಿರಲಿಲ್ಲ. ಮೈದುನ ಒಣದ್ರಾಕ್ಷಿ ಕೊಡಲು ಬಂದಾಗ ಚೀಲದಲ್ಲಿ ಅದನ್ನು ತಂದದ್ದು ಮೊನ್ನೆ ಮೊನ್ನೆ. ಅಂದೇ ಅಲ್ಲವೇ ಅವಳು ಎಲ್ಲರೆದುರು ಸೆಕೆ ತಡೆಯಲಾರದೆ ಅತ್ತದ್ದು?

ನೆಟ್ಟಿನೊಳಗೆ ಕೈ ಇಟ್ಟಳು. ಹಂಚಿನ ಮೇಲೆ ಇಟ್ಟಂತಾಯಿತು. ತಾನು ಸೆಕೆ ಎಂದಾಗಲೆಲ್ಲ ಇಲ್ಲಿ ಒಂದು ಪದರ ಏರಿದೆ. ಪದರ ಏರಿದಾಗಲೆಲ್ಲ ಕೆಳಗೆ ತಾನು ಇನ್ನಷ್ಟು ಬೆಂದಿದ್ದೇನೆ. ಯುಗಾದಿಯಿಂದ ಇಲ್ಲಿಯವರೆಗಿನ ಒದ್ದೆ ದಿಂಬುಗಳೆಲ್ಲ ಒಟ್ಟಿಗೆ ನೆನಪಾಗಿ ಅವಳಿಗೆ ಸಿಟ್ಟು ಉಕ್ಕಿತು.

ಹಿಂದೆ ಮೆಟ್ಟಿಲ ಮೇಲೆ ಉಸ್ಸೆಂಬ ಸದ್ದಾಯಿತು. ಒಂದೊಂದು ಮೆಟ್ಟಿಲಿಗೂ ಮಂಡಿ ಹಿಡಿದುಕೊಂಡು ಲಕ್ಕವ್ವ ಹತ್ತಿ ಬಂದಳು. ಸೊಸೆಯ ಕೈ ಎಲ್ಲಿದೆ ಎಂದು ನೋಡಿ ಅವಳ ಮುಖ ಅರಳಿತು.

"ಕಂಡೇನು? ಪಾಪ, ಬಿಸಲಾಗ ಕುಂತಿತ್ತದು. ತಾನ ಸುಡಾಕತ್ತಿದ್ರ ನಿನಗೇನ ತಂಪ ಕೊಟ್ಟೀತು? ಅದಕ್ಕ ಶೆಡ್ಡಿಗಿ ಕಟ್ಟಿದಂಗ ಕಟ್ಟೇನಿ."

"ಇಷ್ಟೂ ನೀವ ಕಟ್ಟೀರೇನ್ರಿ? ಒಬ್ಬಾಕಿನ?"

"ಮತ್ಯಾರ ಕಟ್ಟತಾರ? ನೀ ಸೆಕಿ ಅಂದಾಗೆಲ್ಲಾ ನನಗ ಏನ ಮಾಡಬೇಕು ತಿಳೀತಿದ್ದಿಲ್ಲ. ಬಂದು ಒಂದು ಪದರ ಹಾಕಿ ಹೋಗತಿದ್ದೆ." ಲಕ್ಕವ್ವ ಟಾಕಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂತಳು. "ನನಗೂ ಹಿಂಗ ಆಗಿತ್ತು, ನಿನ್ನ ವಯಸ್ಸಿನಾಗ. ಹೊರಗ ಬೆಂಕಿ, ಒಳಗೂ ಬೆಂಕಿ. ಮಧ್ಯಾಹ್ನ ಆಳುಗೋಳು ಬುತ್ತಿ ಬಿಚ್ಚಿದಾಗ ನಾ ಶೆಡ್ಡಿನಾಗ ಹೊಕ್ಕು ಕೆಳಗಿನ ಸಾಲಿನ ಬುಡಕ ಅಡ್ಡಾಗತಿದ್ದೆ. ಸುತ್ತಲೂ ನೆಟ್ಟು, ಮ್ಯಾಲ ಹಣ್ಣು. ಅಷ್ಟ ತಂಪ ನನಗ ಆಮ್ಯಾಲ ಎಲ್ಲೂ ಸಿಕ್ಕಿಲ್ಲ ನೋಡವ್ವ."

"ಯಾರಿಗೂ ಹೇಳಲಿಲ್ಲೇನ್ರಿ?"

"ನಮ್ಮತ್ತಿಗಿ ಒಮ್ಮೆ ಹೇಳಿದ್ದೆ. ಇದು ಒಳಗಿನ ಸೆಕಿ, ಹೊರಗ ಆಡಬಾರದು ಅಂದಳು. ನಾ ಮತ್ತ ಆಡಲಿಲ್ಲ." ಲಕ್ಕವ್ವ ಸೆರಗಿನಿಂದ ಹಣೆ ಒರೆಸಿಕೊಂಡಳು. "ನೀ ಆಡಿದಿ. ಛಲೋ ಮಾಡಿದಿ."

ಉಕ್ಕಿದ್ದ ಸಿಟ್ಟು ಎಲ್ಲಿ ಹೋಯಿತೆಂದು ಮಹಾನಂದಾಳಿಗೆ ತಿಳಿಯಲಿಲ್ಲ. ಅವಳು ಅತ್ತೆಯ ಪಕ್ಕದಲ್ಲಿ ಕೂತು, ಮಕ್ಕಳಿಗೆ ಹೇಳುವಷ್ಟು ಸಾವಕಾಶವಾಗಿ ಹೇಳಿದಳು. "ಅತ್ತಿ, ಈ ಡಬ್ಬಿ ಕೆಳಗಿನ ಕೋಣಿ ಸೆಕಿ ತಂದು ಇಲ್ಲಿ ಹೊರಗ ಊದತೈತ್ರಿ. ಅದಕ್ಕ ಊದಾಕ ಜಾಗಾ ಬೇಕು. ನೆರಳ ಮಾಡಿದ್ದು ತಪ್ಪಲ್ಲ. ಮೈಗೆ ಅಂಟಿಸಿ ಸುತ್ತೇವಲ್ಲ, ಅದಕ್ಕ ಸೆಕಿ ಹೊರಗ ಹೋಗವಲ್ದು."

ಲಕ್ಕವ್ವ ಎದ್ದು ಹೋಗಿ ಒಳಪದರದ ಧೂಳನ್ನು ಉಗುರಿನಿಂದ ಕೆರೆದಳು.

"ಶೆಡ್ಡಿಗಿ ಗಾಳಿ ಬರೂ ದಿಕ್ಕ ನೋಡಿ ಕಟ್ಟತಿದ್ವಿ," ಎಂದಳು, ದನಿ ಇಳಿಸಿ. "ಗಾಳಿ ಆಡದಿದ್ರ ಹಣ್ಣ ಒಣಗೂದಿಲ್ಲ, ಕೊಳೀತಾವ. ನನಗ ಗೊತ್ತಿತ್ತಲ್ಲ ಇದು. ಗೊತ್ತಿದ್ದೂ ನಿನ್ನ ಬೇಯಿಸಿದ್ನಲ್ಲ ಮಾನಂದಾ."

"ಬಿಡ್ರಿ ಅತ್ತಿ."

"ಸತೀಶಗ ಹೇಳತೀಯೇನು?"

"ಫಿಲ್ಟರಿನಾಗ ಧೂಳಿತ್ತು ಅಂತೇನಿ. ಅದೇನ ಸುಳ್ಳಲ್ಲ."

ಇಬ್ಬರೂ ಸೇರಿ ಗಂಟು ಬಿಚ್ಚಿದರು. ಲಕ್ಕವ್ವನ ಗಂಟು ಲಕ್ಕವ್ವನ ಬೆರಳಿಗಷ್ಟೇ ಬಗ್ಗಿತು. ಜಾಹೀದನನ್ನು ಇನ್ನೊಮ್ಮೆ ಕೇಳಿ, ಡಬ್ಬಿಯ ತೆಳ್ಳನೆಯ ರೆಕ್ಕೆಗಳು ಮಣಿಯದಂತೆ ಪೈಪಿನ ನೀರನ್ನು ಸಣ್ಣಗೆ ಬಿಟ್ಟು ತೊಳೆದರು. ಕೆಸರು ನೀರು ಹರಿದು ಇಬ್ಬರ ಕಾಲೂ ಕೆಂಪಾಯಿತು. ಹೊಸ ನೆಟ್ಟೊಂದನ್ನು ಮಾತ್ರ ಲಕ್ಕವ್ವ ಉಳಿಸಿಕೊಂಡು, ಟಾಕಿಯ ಪೈಪಿನಿಂದ ಎದುರಿನ ಕಂಬಿಗೆ ಎತ್ತರದಲ್ಲಿ ಚಪ್ಪರದ ಹಾಗೆ ಎಳೆದು ಕಟ್ಟಿಸಿದಳು. ಡಬ್ಬಿಯ ಮೇಲೆ ನೆರಳು ಬಿತ್ತು, ಸುತ್ತ ಗಾಳಿ ಆಡಿತು. ಕೆಳಗೆ ಬಂದು, ಒಣಗಿದ ಜಾಳಿಗೆ ಕೂಡಿಸಿ, ಮಹಾನಂದಾ ಅಂಕಿಯನ್ನು ಇಪ್ಪತ್ತೆರಡಕ್ಕೆ ಏರಿಸಿ ಗುಂಡಿ ಒತ್ತಿದಳು.

ಆ ರಾತ್ರಿಯೂ ಅವಳಿಗೆ ಕಾವು ಬಂತು. ಬಂದು, ಕುತ್ತಿಗೆಯವರೆಗೆ ಏರಿ, ಹೋಯಿತು. ಪಕ್ಕದ ಮಂಚದಲ್ಲಿ ಲಕ್ಕವ್ವ ಕೌದಿಯ ಮೇಲೆ ಇನ್ನೊಂದು ಕೌದಿ ಎಳೆದುಕೊಂಡದ್ದು ನಿದ್ದೆಗಣ್ಣಿಗೆ ಕಂಡಂತಿತ್ತು.

ಬೆಳಗ್ಗೆ ಸತೀಶಕುಮಾರ ಕೋಣೆಯ ಬಾಗಿಲಿಗೆ ಬಂದು ನಿಂತ. ಹೆಂಡತಿ ಹಾಸಿಗೆಯ ಮೇಲೆ ಕೂತು ಜಡೆ ಬಿಚ್ಚುತ್ತಿದ್ದಳು. "ಫಿಲ್ಟರಿನಾಗ ಧೂಳಿತ್ರಿ. ತೊಳದ ಮ್ಯಾಲ ತಂಪಾತು," ಎಂದಳು.

"ಒಂದು ರಾತ್ರಿ ನಿದ್ದಿ ಹತ್ತಿದ್ರ ಹಂಗ ಅನಸತೈತಿ," ಎಂದ ಅವನು, ಮೆಲ್ಲಗೆ. "ಮೊದಲೂ ತಂಪಿತ್ತು. ಸುಮ್ನ ಮನಸ್ಸಿಗೆ ಹಚಗೋಬ್ಯಾಡ. ಐತವಾರ ತಮ್ಮ ಬರತಾನ..."

"ಸತೀಶಾ, ಇಲ್ಲಿ ಬಾ. ಕೈ ಹಿಡಿ," ಎಂದಳು ಲಕ್ಕವ್ವ.

"ಯಾಕ ಯವ್ವಾ?"

"ಹಿಡಿ ಅಂದ್ರ ಹಿಡಿ."

ಅವನು ಮಂಚದ ಹತ್ತಿರ ಬಂದು ಚಿಕ್ಕವನಿದ್ದಾಗ ಬೆಲ್ಲಕ್ಕೆ ಒಡ್ಡುತ್ತಿದ್ದಂತೆ ಅಂಗೈ ಒಡ್ಡಿದ. ಲಕ್ಕವ್ವ ಹಲಗೆಯ ಮೇಲಿನ ಬಾಟಲಿ ತೆಗೆದು, ಬಿರಡೆ ಬಿಚ್ಚಿ, ಅವನ ಕೈಯ ಮೇಲೆ ಬೋರಲು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ. ಅವಳು ಬಾಟಲಿಯ ಬೆನ್ನಿಗೆ ಎರಡು ಸಲ ತಟ್ಟಿದಳು. ಆಗಲೂ ಬೀಳಲಿಲ್ಲ. ಗಾಜಿನೊಳಗೆ ಎಣ್ಣೆ ಬೆಳ್ಳಗೆ, ಮೊಸರಿನಂತೆ ಹೆಪ್ಪುಗಟ್ಟಿ ನಿಂತಿತ್ತು.

"ನಿನ್ನೆ ಇದು ನೀರಿನಂಗಿತ್ತು," ಎಂದಳು ಲಕ್ಕವ್ವ. "ಮ್ಯಾಲಿನ ಡಬ್ಬಿಗೆ ನೆಟ್ಟ ಸುತ್ತಿ ಉಸರ ಕಟ್ಟಿಸಿದಾಕಿ ನಾನು. ಇಕಿ ಖರೇನ ಹೇಳಾಕತ್ತಿದ್ಲು. ಯುಗಾದಿಯಿಂದ ಖರೇನ ಹೇಳಾಕತ್ತಿದ್ಲು."

ಸತೀಶಕುಮಾರ ತಾಯಿಯನ್ನೂ ಬಾಟಲಿಯನ್ನೂ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಒಡ್ಡಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದು ಅವನಿಗೆ ಮರೆತೇಹೋಗಿತ್ತು.

ಮಹಾನಂದಾ ಎದ್ದು ಅತ್ತೆಯ ಕೈಯಿಂದ ಬಾಟಲಿ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ಬಿದ್ದಲ್ಲಿ ಇಟ್ಟಳು. ಬಾಚಣಿಗೆ ಹುಡುಕಿ, ಲಕ್ಕವ್ವನ ಬೆನ್ನ ಹಿಂದೆ ಕೂತಳು. ಎಣ್ಣೆ ಕರಗುವುದನ್ನು ಕಾಯುತ್ತ ಇಬ್ಬರೂ ಕಿಟಕಿಯ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ, ಗಾಜಿನ ಅಂಚಿನಲ್ಲಿ ಒಂದು ತೆಳ್ಳನೆಯ ತಿಳಿ ಗೆರೆ ಕಾಣಿಸಿಕೊಂಡಿತು.