ಆರನೆಯ ಟೋಪಿ

ಆ ಭಾನುವಾರ ಮಧ್ಯಾಹ್ನ ಜರ್ಮನ್ ಹೋಟೆಲಿನಲ್ಲಿ ಇದ್ದವರೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತವರಿಗೆ ಉಪ್ಪು ಕೊಡಿ ಅನ್ನಬೇಕಾದರೂ ಕಿವಿಗೆ ಬಾಯಿ ಹಚ್ಚಿ ಅರಚಬೇಕು. ವೇದಿಕೆಯ ಮೇಲೆ ಚರ್ಮದ ಚಡ್ಡಿ ತೊಟ್ಟ ನಾಲ್ವರು ಗಂಡಸರು. ಒಬ್ಬ ಎದೆಯ ಮೇಲೆ ಅಕಾರ್ಡಿಯನ್ ಹಿಗ್ಗಿಸಿ ಕುಗ್ಗಿಸುತ್ತಿದ್ದ, ಇಬ್ಬರು ಹಿತ್ತಾಳೆ ಕೊಳವೆಗಳನ್ನು ಕೆನ್ನೆ ಒಡೆಯುವ ಹಾಗೆ ಊದುತ್ತಿದ್ದರು, ಇನ್ನೊಬ್ಬ ದೊಡ್ಡ ಡೋಲಿಗೆ ಹಳೆಯ ಸೇಡಿದ್ದವನಂತೆ ಬಾರಿಸುತ್ತಿದ್ದ. ಅಂಥದ್ದರಲ್ಲಿ ನಡುವಿನ ಉದ್ದ ಮೇಜಿನಲ್ಲಿ ಹದಿನಾಲ್ಕು ಜನ ಚೂರೂ ದನಿ ತೆಗೆಯದೆ ಹರಟೆ ಹೊಡೆಯುತ್ತಿದ್ದರು. ಈ ತುದಿಯವರ ಮಾತಿಗೆ ಆ ತುದಿಯವರು ನಗುತ್ತಿದ್ದರು. ಬಡಿಸುವಾಕೆ ಇವರನ್ನು ಮೂಗರೆಂದುಕೊಂಡು ಕೈಸನ್ನೆಯಲ್ಲಿ ಏನು ಬೇಕೆಂದು ಕೇಳಿದಳು.

"ಬಾಯಿ ಇದೆ ತಾಯಿ, ಬೇಕಾದಷ್ಟಿದೆ!" ಎಂದು ಎಣ್ಣೆ ಮಾವ ಗುಡುಗಿದ. ನಾಲ್ಕು ಮೇಜಿನವರು ತಿರುಗಿ ನೋಡಿದರು.

ಅವರು ನೇಯ್ಗೆ ಮಿಲ್ಲಿನವರು. ಎಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವ ಷೆಡ್ಡಿನಲ್ಲಿ ಕೂಗಿ ಪ್ರಯೋಜನವಿಲ್ಲ, ದೇವರೇ ಬಂದು ಕೂಗಿದರೂ ಅಷ್ಟೆ. ಅದಕ್ಕೇ ಅಲ್ಲಿ ಎಲ್ಲರೂ ತುಟಿಮಾತು ಕಲಿತಿದ್ದರು. ದನಿ ಬೇಡ, ತುಟಿ ಆಡಿಸಿದರೆ ಸಾಕು. ಹತ್ತು ಮಗ್ಗದಾಚೆ ನಿಂತವರು ನೋಡಿ ಉತ್ತರ ಕೊಡುತ್ತಾರೆ. ಆ ಷೆಡ್ಡಿನ ಗಂಡಸರು ತುಟಿಯ ಮೇಲೆ ಇಳಿಯುವಂತೆ ಮೀಸೆ ಬಿಡುವುದಿಲ್ಲ. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದಂತೂ ಅಲ್ಲಿ ಕಳ್ಳತನಕ್ಕಿಂತ ಕೀಳು. ಕದ್ದವರನ್ನಾದರೂ ಪಾಪ, ಹೊಟ್ಟೆಗಿಲ್ಲದೆ ಕದ್ದರು ಅಂದುಕೊಳ್ಳಬಹುದು. ಬಾಯಿ ಮುಚ್ಚಿ ಮಾತಾಡಿದವರ ಜೊತೆ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ.

ಈ ಊಟಕ್ಕೆ ಕಾರಣ ಜರ್ಮನಿಯಿಂದ ಬಂದ ಹೊಸ ಮಗ್ಗಗಳು. ಅವನ್ನು ಕೂರಿಸಲು ಬಂದಿದ್ದ ಫಿಟ್ಟರ್ ಕೆಲಸ ಮುಗಿಸಿ ಹೊರಟಿದ್ದ. ಅವನ ಗೌರವಕ್ಕೆ ಮಾಲೀಕರು ಇಡೀ ಪಾಳಿಯನ್ನೇ ಕರೆತಂದಿದ್ದರು. ಹೊಸ ಮಗ್ಗಕ್ಕೆ ಜನ ಕಡಿಮೆ ಸಾಕು. ಹದಿನಾಲ್ಕರಲ್ಲಿ ಆರು ಜನ. ಉಳಿದವರು ತಿಂಗಳ ಕೊನೆಗೆ ಮನೆಗೆ. ಐವರ ಹೆಸರು ಆಗಲೇ ಗೊತ್ತಾಗಿತ್ತು. ಆರನೆಯದನ್ನು ಊಟ ಮುಗಿಯುವುದರೊಳಗೆ ಸೂಪರ್‌ವೈಸರ್ ಹೇಳಬೇಕಿತ್ತು. ಮಾಲೀಕರ ಮುಂದೆ ಗರಿ ಸಿಕ್ಕಿಸಿದ ಆರು ಹಸಿರು ಟೋಪಿಗಳನ್ನು ಸಾಲಾಗಿ ಇಟ್ಟಿದ್ದರು. ಆಯ್ಕೆಯಾದವರ ತಲೆಗೆ ಫಿಟ್ಟರೇ ತೊಡಿಸುತ್ತಾನಂತೆ.

"ಮಾಲೀಕರು ನಮಗೆ ಟೋಪಿ ಹಾಕೋದು ಹೊಸದೇನಲ್ಲ ಬಿಡಿ," ಎಂದ ಎಣ್ಣೆ ಮಾವ, ಈ ಸಲ ಬರೀ ತುಟಿಯಲ್ಲಿ. ಮಗ್ಗಗಳಿಗೆ ಎಣ್ಣೆ ಹಾಕುತ್ತ ಮುದುಕನಾದವನು. ತನ್ನ ಹೆಸರು ಬರುವುದಿಲ್ಲವೆಂದು ಗೊತ್ತಿದ್ದರಿಂದ ನೆಮ್ಮದಿಯಾಗಿ ಉಣ್ಣುತ್ತಿದ್ದ.

ಆರನೆಯ ಜಾಗ ಇಬ್ಬರ ನಡುವೆ ನಿಂತಿತ್ತು. ದೊಡ್ಡಕ್ಕ ಮತ್ತು ಗಿಣಿ.

ದೊಡ್ಡಕ್ಕನಿಗೆ ಷೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ. ಹರಿದ ಎಳೆಯನ್ನು ಅವಳಷ್ಟು ಬೇಗ ಹಿಡಿದು ಗಂಟು ಹಾಕುವವರು ಇನ್ನೊಬ್ಬರಿರಲಿಲ್ಲ. ಗಂಡ ಸತ್ತು ಒಂಬತ್ತು ವರ್ಷವಾಗಿತ್ತು. ಮಗಳು ಹೋದ ವರ್ಷ ಕಂಕುಳಲ್ಲಿ ಕೂಸು ಎತ್ತಿಕೊಂಡು ತವರಿಗೆ ಬಂದು ಕೂತಿದ್ದಳು. ಮೂರು ಬಾಯಿಗೆ ಇವಳೊಬ್ಬಳ ಕೈ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಒಂದಿತ್ತು: ಎರಡು ವರ್ಷದಿಂದ ಅವಳಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಮಗ್ಗಗಳು ದಿನಕ್ಕಿಷ್ಟು ಅಂತ ತಿಂದು ಮುಗಿಸಿದ್ದವು. ಗೋಡೆಗೂ ಕಿವಿ ಇರುತ್ತವೆ ಅನ್ನುತ್ತಾರಲ್ಲ, ನನಗೇ ಇಲ್ಲವಾಯಿತು ಎಂದು ಅವಳು ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದಳು. ಷೆಡ್ಡಿನಲ್ಲಿ ಅದರಿಂದ ಏನೂ ತೊಂದರೆಯಾಗಲಿಲ್ಲ. ಅಲ್ಲಿ ಕಿವಿ ಇದ್ದವರೂ ಕಣ್ಣಿನಲ್ಲೇ ಕೇಳುವವರು. ಮನೆಯಲ್ಲಿ ಮಾತ್ರ ರಾತ್ರಿಯೆಲ್ಲ ತೊಟ್ಟಿಲ ಮೇಲೆ ಕೈಯಿಟ್ಟು ಮಲಗುತ್ತಿದ್ದಳು. ಕೂಸು ಅತ್ತರೆ ಬೆರಳಿಗೆ ಗೊತ್ತಾಗಲಿ ಎಂದು.

ಆದರೆ ಹೊಸ ಮಗ್ಗಗಳು ಬಡಿಯುವುದಿಲ್ಲ. ಎಳೆ ಹರಿದರೆ ಕೀಂಯ್ ಅನ್ನುತ್ತವೆ. ದೀಪವೂ ಇದೆಯಂತೆ, ಆದರೆ ಒಬ್ಬರಿಗೆ ಹನ್ನೆರಡು ಮಗ್ಗ. ದೀಪ ಕಣ್ಣಿಗೆ ಬೀಳುವಷ್ಟರಲ್ಲಿ ಬಟ್ಟೆ ಕೆಟ್ಟಿರುತ್ತದೆ. ಕಿವಿ ಚುರುಕಿದ್ದವರು ಮಾತ್ರ ಬೇಕು ಎಂದು ಸೂಪರ್‌ವೈಸರ್ ಮೊದಲ ದಿನವೇ ಹೇಳಿಬಿಟ್ಟಿದ್ದ.

ಮಿಲ್ಲಿನಲ್ಲಿ ಕಿವಿಯ ವಿಷಯ ಗೊತ್ತಿದ್ದದ್ದು ಗಿಣಿಗೊಬ್ಬಳಿಗೇ. ಹತ್ತೊಂಬತ್ತು ವರ್ಷ ಎದುರುಬದುರು ಮಗ್ಗದಲ್ಲಿ ನಿಂತವಳು. ಪಾಳಿ ಮುಗಿದ ಸೈರನ್ ಆದಾಗ ದೊಡ್ಡಕ್ಕನ ಮೊಣಕೈ ಮುಟ್ಟಿ "ನಡಿಯಕ್ಕ" ಅನ್ನುತ್ತಿದ್ದವಳೂ, ಆಸ್ಪತ್ರೆಯಲ್ಲಿ ತಂಗಿ ಅಂತ ಬರೆಸಿ ಜೊತೆಗೆ ಕೂತವಳೂ ಅವಳೇ. "ನನ್ನ ಮಕ್ಕಳಾಣೆ ಅಕ್ಕ, ಈ ಮಾತು ನನ್ನ ಹೊಟ್ಟೇಲೇ ಇರತ್ತೆ," ಅಂದಿದ್ದಳು. ಇದ್ದದ್ದೂ ನಿಜ. ಎರಡು ವರ್ಷ ಇತ್ತು. ಈಗ ಅವಳ ಗಂಡನ ಕೆಲಸ ಹೋಗಿ ನಾಲ್ಕು ತಿಂಗಳು. ಮನೆಯಲ್ಲಿ ಕೂತ ಗಂಡಸು, ಓದುವ ಇಬ್ಬರು ಮಕ್ಕಳು. ಕಷ್ಟಕ್ಕೇನು ಬರ, ಎಲ್ಲರ ಮನೆಯಲ್ಲೂ ಧಾರಾಳವಾಗಿತ್ತು.

ದೊಡ್ಡ ದೊಡ್ಡ ತಟ್ಟೆಗಳಲ್ಲಿ ಬೇಯಿಸಿದ ಆಲೂಗಡ್ಡೆ, ಹುಳಿ ಬಂದ ಎಲೆಕೋಸು, ಗಂಟು ಹಾಕಿದ ಹಗ್ಗದಂಥ ಬ್ರೆಡ್ಡು ಬಂದವು. "ಇದನ್ನ ಯಾರು ಗಂಟು ಹಾಕಿದ್ದು? ನಮ್ಮ ಷೆಡ್ಡಲ್ಲಾಗಿದ್ರೆ ಸಂಬಳ ಕಟ್ ಮಾಡ್ತಿದ್ರು," ಎಂದಳು ದೊಡ್ಡಕ್ಕ. ಎಲ್ಲರೂ ನಕ್ಕರು. ಅವಳಿಗೂ ನಗು ಬಂತು. ಕೂತ ಬೆಂಚಿನ ಹಲಗೆಯಿಂದ ಡೋಲಿನ ಏಟು ಬೆನ್ನುಮೂಳೆಗೆ ಹತ್ತುತ್ತಿತ್ತು. ಎರಡು ವರ್ಷದಲ್ಲಿ ಸಂಗೀತ ಅನ್ನುವುದು ಅವಳಿಗೆ ಅಷ್ಟು ಚೆನ್ನಾಗಿ ಸಿಕ್ಕಿದ್ದು ಅವತ್ತೇ. ಇಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ಎಲ್ಲರೂ ನನ್ನ ಹಾಗೇ ಎಂದು ಮನಸ್ಸು ಹಗುರಾಗಿತ್ತು.

ಆಗ ಗಿಣಿ ಎದುರಿನ ಬೆಂಚಿನಿಂದ ಎದ್ದಳು. ಮೇಜಿನ ತುದಿಯಲ್ಲಿದ್ದ ಸೂಪರ್‌ವೈಸರ್ ಪಕ್ಕ ಹೋಗಿ ಕೂತು, ಎರಡು ಕೈಯಲ್ಲಿ ಹಿಡಿಯಬೇಕಾದಂಥ ದಪ್ಪ ಗಾಜಿನ ಲೋಟವನ್ನು ಬಾಯಿಯ ಮಟ್ಟಕ್ಕೆ ಎತ್ತಿಕೊಂಡಳು. ಕುಡಿಯಲಿಲ್ಲ. ಲೋಟದಲ್ಲಿನ ನಿಂಬೆ ಪಾನಕ ಅಲುಗಲೂ ಇಲ್ಲ. ಲೋಟದ ಹಿಂದೆ ಅವಳ ದವಡೆ ಆಡುತ್ತಿತ್ತು.

ದೊಡ್ಡಕ್ಕ ಬ್ರೆಡ್ಡನ್ನು ಕೆಳಗಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಗಿಣಿ ಬಾಯಿ ಮುಚ್ಚಿ ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ.

ಸೂಪರ್‌ವೈಸರ್ ಲೆಕ್ಕದ ಕೋಣೆಯಿಂದ ಬಂದವನು, ತುಟಿಮಾತಿನ ಗಂಧಗಾಳಿ ಇಲ್ಲದವನು. ಅವನಿಗೆ ಮುಚ್ಚಿಕೊಳ್ಳಬೇಕೆಂದು ಹೊಳೆಯಲಿಲ್ಲ. ಗಿಣಿಯ ಕಿವಿಗೆ ಬಾಯಿ ಹಚ್ಚಲು ಬಗ್ಗಿದವನ ತುಟಿಗಳು ದೀಪದ ನೇರಕ್ಕೇ ಬಂದವು.

"ಎರಡೂ ಕಿವಿನಾ?" ಅಂದವು ಆ ತುಟಿಗಳು. ಆಮೇಲೆ, "ಮತ್ತೆ ಇಷ್ಟು ದಿನ ಹೆಂಗೆ ಮಾತಾಡ್ತಿದ್ಲು?" ಆಮೇಲೆ, "ಓಹೋ, ಬಾಯಿ ನೋಡಿ!"

ದೊಡ್ಡಕ್ಕ ಗಿಣಿಯನ್ನು ದುರುಗುಟ್ಟಿ ನೋಡಿದಳು. ಅಯ್ಯೋ ರಂಡೆ, ಅಂದುಕೊಂಡಳು. ಮಕ್ಕಳ ಮೇಲೆ ಆಣೆ ಇಟ್ಟ ಬಾಯಲ್ಲೇ! ನನ್ನ ಬುತ್ತಿಯಲ್ಲಿ ಅರ್ಧ ತಿಂದವಳೇ! ತಟ್ಟೆಯನ್ನು ಮೇಜಿಗೆ ಕುಕ್ಕಿದಳು. ಅದರ ಸದ್ದು ಎಷ್ಟಾಯಿತೋ ಅವಳಿಗೆ ತಿಳಿಯಲಿಲ್ಲ. ಪಕ್ಕದ ಎಣ್ಣೆ ಮಾವ ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಮೇಜಿನ ತುದಿ ನೋಡಿದ. ಅವನೂ ಆ ತುಟಿಗಳನ್ನು ಓದಿದ್ದ. ಆಲೂಗಡ್ಡೆ ಹಿಚುಕತೊಡಗಿದ.

ಗಿಣಿ ವಾಪಸು ಬಂದು ಎದುರು ಕೂತಳು. ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಬೆಂಚಿನ ಹಲಗೆ ಸುಮ್ಮನಾಯಿತು. ವಾದ್ಯದವರು ಬಿಡುವು ತೆಗೆದುಕೊಂಡಿದ್ದರು. ಇಂಥ ಹೊತ್ತಿಗೇ ಕಾದಿದ್ದವನಂತೆ ಸೂಪರ್‌ವೈಸರ್ ತನ್ನ ಲೋಟ ಹಿಡಿದುಕೊಂಡು ಬಂದು ಗಿಣಿಯ ಹೆಗಲ ಹಿಂದೆ, ದೊಡ್ಡಕ್ಕನಿಗೆ ಎದುರಾಗಿ ನಿಂತ. ಮುಖದ ತುಂಬ ನಗು. ಲೋಟವನ್ನು ಮೂಗಿನವರೆಗೆ ಎತ್ತಿದ. ಹುಬ್ಬುಗಳು ಆಡಿದವು. ಏನೋ ಕೇಳಿದ್ದ.

ಇಡೀ ಮೇಜು ದೊಡ್ಡಕ್ಕನ ಕಡೆ ತಿರುಗಿತು. ಮುಗಿಯಿತು ನನ್ನ ಕಥೆ, ಅಂದುಕೊಂಡಳು. ತೊಟ್ಟಿಲ ಮೇಲಿನ ಕೈ ನೆನಪಾಯಿತು.

ಆಗ ಗಿಣಿ ತಲೆ ಎತ್ತಿದಳು. ಹತ್ತೊಂಬತ್ತು ವರ್ಷದ ಅಭ್ಯಾಸವೋ, ಮನಸ್ಸು ಕುಟುಕಿದ್ದೋ, ಅವಳಿಗೇ ಗೊತ್ತಿತ್ತೋ ಇಲ್ಲವೋ. ಸೈರನ್ ಆದಾಗ ಕೈ ತಾನಾಗಿ ಮೊಣಕೈಗೆ ಹೋಗುತ್ತಿತ್ತಲ್ಲ, ಹಾಗೆ ತುಟಿಗಳು ಆಡಿದವು: "ಮೊಮ್ಮಗು ಹೇಗಿದೆ ಅಂತ."

"ಚೆನ್ನಾಗಿದೆ ಸಾರ್," ಎಂದಳು ದೊಡ್ಡಕ್ಕ. "ಹಲ್ಲು ಬರ್ತಿದೆ. ಸಿಕ್ಕಿದ್ದೆಲ್ಲ ಕಚ್ಚತ್ತೆ."

ಸೂಪರ್‌ವೈಸರ್ ಹುಬ್ಬು ಗಂಟಾಯಿತು. ಇನ್ನೊಮ್ಮೆ ಲೋಟ ಎತ್ತಿದ. ಗಿಣಿಯ ತುಟಿ: "ಹೊಸ ಮಷೀನಿಗೆ ಹೆದರಿಕೆ ಇಲ್ವಾ ಅಂತ."

"ಮಷೀನಿಗೆ ಹೆದರೋಳಾಗಿದ್ರೆ ಇಪ್ಪತ್ತೆರಡು ವರ್ಷ ಇಲ್ಲಿ ಏನ್ ಮಾಡ್ತಿದ್ದೆ ಸಾರ್? ಮಷೀನಲ್ಲ, ಮನುಷ್ಯರನ್ನ ನೋಡಿದ್ರೆ ಹೆದರಿಕೆ."

ಮೇಜು ಗೊಳ್ಳೆಂದಿತು. ಗಿಣಿ ನಗಲಿಲ್ಲ. ಸೂಪರ್‌ವೈಸರ್ ಮೇಜು ಬಳಸಿ ಹೊರಟು ದೊಡ್ಡಕ್ಕನ ಬೆನ್ನ ಹಿಂದೆ ಕಣ್ಮರೆಯಾದ. ಈಗ ಅವಳಿಗೆ ಕಾಣುತ್ತಿದ್ದದ್ದು ಗಿಣಿಯ ಮುಖವೊಂದೇ. ಆ ಮುಖದಲ್ಲಿ ತುಟಿಗಳು ಬಿಗಿದುಕೊಂಡಿದ್ದವು. ಒಂದು ಗಳಿಗೆ. ಎರಡು ಗಳಿಗೆ. ಸುಮ್ಮನೆ ಕೂತಿದ್ದರೆ ಸಾಕಿತ್ತು ಅವಳು. ಟೋಪಿ ತಾನಾಗಿ ಅವಳ ತಲೆಗೆ ಬರುತ್ತಿತ್ತು. ಗಿಣಿಯ ಕಣ್ಣಲ್ಲಿ ನೀರಾಡಿತು.

"ಹಿಂದೆ ತಿರುಗಕ್ಕ," ಅಂದವು ತುಟಿಗಳು. "ಕರೀತಿದಾನೆ."

ದೊಡ್ಡಕ್ಕ ತಿರುಗಿ, "ಏನು ಸಾರ್?" ಎಂದಳು.

ಸೂಪರ್‌ವೈಸರ್ ಲೋಟ ಕೆಳಗಿಟ್ಟ. ಅವನ ಮುಖ ಕೆಂಪಾಗಿತ್ತು. ಮೋಸಹೋಗಿದ್ದೇನೆ ಅನ್ನುವುದು ಅವನಿಗೆ ಗೊತ್ತಾಗಿತ್ತು, ಯಾರಿಂದ ಅನ್ನುವುದನ್ನು ಮಾತ್ರ ತಪ್ಪು ತಿಳಿದಿದ್ದ. ಮೇಜಿನ ಮೇಲೆ ಬಗ್ಗಿ ಗಿಣಿಗೆ ಬೆರಳು ತೋರಿಸಿ, ಬಾಯಿ ಅಗಲಿಸಿ ಬೈಯತೊಡಗಿದ. ಪಕ್ಕದಿಂದಲೇ ಓದಬಹುದಿತ್ತು.

"ನಾಚಿಕೆ ಆಗಲ್ವೇನಮ್ಮ? ಒಂದು ಕೆಲಸಕ್ಕೋಸ್ಕರ ಜೊತೆಯವಳ ಮೇಲೆ ಇಂಥ ಸುಳ್ಳಾ? ಎರಡೂ ಕಿವಿ ಹೋಗಿದೆ ಅಂದ್ಯಲ್ಲ!" ಆಮೇಲೆ ದೊಡ್ಡಕ್ಕನ ಕಡೆ ತಿರುಗಿದ. "ಕೇಳಿಸ್ತಾ ಇವಳು ಏನಂದ್ಲು ಅಂತ? ನಿನಗೆ ಕಿವಿ ಕೇಳಲ್ವಂತೆ. ಏನ್ ಹೇಳ್ತೀಯಾ?"

ಷೆಡ್ಡಿನ ಹನ್ನೆರಡು ಜನರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಗಿಣಿಯೂ ನೋಡುತ್ತಿದ್ದಳು. ದೊಡ್ಡಕ್ಕನ ಬಾಯಲ್ಲಿ ನಿಜ ಬಿಸಿತುಪ್ಪದಂತೆ ಇತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನುಂಗಿದಳು.

"ಹೋಗ್ಲಿ ಬಿಡಿ ಸಾರ್," ಎಂದಳು. "ಪಾಪ, ಅವಳ ಮನೇಲಿ ಕಷ್ಟ. ಗಂಡನಿಗೂ ಕೆಲಸ ಇಲ್ಲ. ಕಷ್ಟ ಬಂದಾಗ ಬಾಯಿಗೆ ಬಂದದ್ದು ಹೇಳಿಬಿಡ್ತಾರೆ. ನಾನೇನೂ ಮನಸ್ಸಿಗೆ ಹಚ್ಚಿಕೊಳ್ಳಲ್ಲ."

ಇದಕ್ಕಿಂತ ಹೊಡೆದಿದ್ದರೆ ವಾಸಿಯಿತ್ತು. ಕ್ಷಮಿಸಿದ ಮೇಲೆ ಸುಳ್ಳು ಸುಳ್ಳೇ ಆಗಿ ಮುದ್ರೆ ಬಿದ್ದಂತೆ. ಗಿಣಿಯ ಪಕ್ಕ ಕೂತಿದ್ದವರು ಸ್ವಲ್ಪ ಸ್ವಲ್ಪವೇ ಸರಿದು ಕೂತರು. "ಥೂ," ಎಂದಿತು ಒಂದು ತುಟಿ. "ದೊಡ್ಡಕ್ಕನ ಗುಣ ದೊಡ್ಡದು," ಎಂದಿತು ಇನ್ನೊಂದು. ಎಣ್ಣೆ ಮಾವನೊಬ್ಬ ಯಾರನ್ನೂ ನೋಡದೆ ತಟ್ಟೆ ನೋಡುತ್ತಿದ್ದ. ಗಿಣಿ ತುಟಿಯಲ್ಲಿ ದಾಟಿಸಿದ ಪ್ರಶ್ನೆಗಳನ್ನೆಲ್ಲ ಅವನು ಓದಿದ್ದ. ಅವನ ಬಾಯಿ ತೆರೆಯಿತು, ಒಂದು ಆಲೂಗಡ್ಡೆ ಒಳಗೆ ಹೋಯಿತು, ಮುಚ್ಚಿತು.

ಮಾಲೀಕರು ಎದ್ದು ಆರು ಹೆಸರು ಓದಿದರು. ಆರನೆಯದು ಬಂದಾಗ ಎಲ್ಲರೂ ತನ್ನ ಕಡೆ ನೋಡಿದ್ದರಿಂದ ದೊಡ್ಡಕ್ಕನಿಗೆ ತಿಳಿಯಿತು. ಜರ್ಮನ್ ಫಿಟ್ಟರ್ ನಗುನಗುತ್ತ ಬಂದು ಗರಿಯ ಟೋಪಿಯನ್ನು ಅವಳ ತಲೆಗಿಟ್ಟ. ದೊಡ್ಡದಾಗಿತ್ತು, ಕಿವಿಗಳ ಮೇಲೆ ಇಳಿಯಿತು. ಅವನು ತನ್ನ ಭಾಷೆಯಲ್ಲಿ ಏನೋ ಅಂದ; ಅವಳು ಹೂಂ ಅಂದಳು.

ಬೆಂಚಿನ ಹಲಗೆ ಮತ್ತೆ ನಡುಗತೊಡಗಿತು. ವಾದ್ಯದವರು ಬಂದಿದ್ದರು. ಹೋಟೆಲಿನವರೆಲ್ಲ ಎದ್ದು ಪಕ್ಕದವರ ತೋಳಿಗೆ ತೋಳು ಹೆಣೆದು ಎಡಕ್ಕೂ ಬಲಕ್ಕೂ ತೂಗಾಡತೊಡಗಿದರು. ಇಲ್ಲಿಯ ರೂಢಿ ಅದು. ದೊಡ್ಡಕ್ಕನ ಒಂದು ತೋಳನ್ನು ಎಣ್ಣೆ ಮಾವ ಹಿಡಿದ, ಇನ್ನೊಂದನ್ನು ಫಿಟ್ಟರ್ ಹಿಡಿದ. ಎದುರಿನ ಬೆಂಚಿನ ಸಾಲೂ ತೂಗುತ್ತಿತ್ತು. ಅದರ ನಡುವೆ ಯಾರೂ ತೋಳು ಕೊಡದ ಗಿಣಿ ಒಬ್ಬಳೇ ನೆಟ್ಟಗೆ ನಿಂತಿದ್ದಳು.

ಅವಳು ದೊಡ್ಡಕ್ಕನನ್ನೇ ನೋಡುತ್ತಿದ್ದಳು. ಕೈ ಎರಡೂ ಕೆಳಗಿದ್ದವು, ಬಾಯಿಗೆ ಏನೂ ಅಡ್ಡವಿರಲಿಲ್ಲ. ತುಟಿಗಳು ಬಿಚ್ಚಿದವು. "ಅಕ್ಕ," ಅಂದವು. "ನಾನು ನಿನಗೆ..."

ಮುಂದಿನದನ್ನು ಕೇಳಿಸಿಕೊಳ್ಳಬೇಕಾದರೆ ನೋಡಬೇಕಿತ್ತು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು ಎಲ್ಲರ ಜೊತೆ ಎಡಕ್ಕೂ ಬಲಕ್ಕೂ ತೂಗಿದಳು.