ಮೂರನೇ ಏಟಿಗೆ ನಿಲ್ಲಬೇಕಾದ ಬೇಲಿ

ಚಿಕ್ಕಮಲ್ಲಪ್ಪ ಸತ್ತ ಮೂರನೇ ದಿನ ಬೇಲಿಯ ಪೆಟ್ಟಿಗೆ ಹರ್ಷಿತಾಳ ಮೇಜಿಗೆ ಬಂತು. ಗುಂಡ್ಲುಪೇಟೆಯ ಆ ವರ್ಕ್‌ಶಾಪಿನಲ್ಲಿ ಸೋಲಾರ್ ಬೇಲಿಗೆ ಕರೆಂಟು ಬಿಡುವ ಪೆಟ್ಟಿಗೆ ತಯಾರಿಸುತ್ತಿದ್ದರು. ಒಳಗಿನ ಪ್ರೋಗ್ರಾಮು ಬರೆಯುವವಳು ಅವಳೊಬ್ಬಳೇ. ಕಾಡಂಚಿನ ಬಾಳೆ ತೋಟದಲ್ಲಿ ಕಳೆ ಕೀಳುತ್ತಿದ್ದ ಹರವೆಯ ಕೂಲಿ ಚಿಕ್ಕಮಲ್ಲಪ್ಪ ಹಾಡಹಗಲೇ ತಂತಿಗೆ ತಗುಲಿಕೊಂಡು ಸತ್ತಿದ್ದ. ಪೊಲೀಸರು ಬರುವ ಮೊದಲೇ ವರ್ಕ್‌ಶಾಪಿನ ಮಾಲೀಕ ರಾಜಣ್ಣ ಪೆಟ್ಟಿಗೆ ಬಿಚ್ಚಿಸಿ ತರಿಸಿದ್ದ. ಅದಕ್ಕೊಂದು ಗೀರೂ ಬಿದ್ದಿರಲಿಲ್ಲ.

ಚಾಮರಾಜನಗರದ ಕಾಲೇಜಿನಲ್ಲಿ ಪ್ರೋಗ್ರಾಮಿಂಗಿನ ಇನ್‌ಹೆರಿಟೆನ್ಸ್ ಪಾಠದ ಟೆಸ್ಟಿಗೆ ಅವಳು ಇಪ್ಪತ್ತಕ್ಕೆ ಹತ್ತೊಂಬತ್ತು ತೆಗೆದವಳು. ಪೇರೆಂಟ್ ಕ್ಲಾಸೆಂಬ ಮೂಲ ಭಾಗದಲ್ಲಿ ಬರೆದದ್ದೆಲ್ಲ ಅದರಿಂದ ಹುಟ್ಟುವ ಚೈಲ್ಡ್ ಕ್ಲಾಸಿಗೆ ತಾನಾಗಿ ಬರುತ್ತದೆ, ಮತ್ತೆ ಬರೆಯಬೇಕಿಲ್ಲ ಎಂದು ಬರೆದಿದ್ದಳು. ಸರಿಯೇ. ಆದರೆ ಪೇರೆಂಟಿನ ಒಂದು ಕೆಲಸವನ್ನು ಅದೇ ಹೆಸರಿನಲ್ಲಿ ಚೈಲ್ಡ್ ತಾನೇ ಹೊಸದಾಗಿ ಬರೆದುಕೊಂಡರೆ, ಹಳೆಯದು ಪೂರ್ತಿ ಬದಿಗೆ ಸರಿಯುತ್ತದೆ. ಹಳೆಯದೂ ನಡೆಯಬೇಕೆಂದರೆ ಹೊಸದರೊಳಗಿಂದ ಅದನ್ನು ಹೆಸರು ಹಿಡಿದು ಕರೆಯಬೇಕು. ಹೋದ ಆ ಒಂದು ಅಂಕ ಯಾಕೆ ಹೋಯಿತೆಂದು ವಿಚಾರಿಸುವ ಗೋಜಿಗೆ ಮಹಾರಾಯಿತಿ ಹೋಗಿರಲಿಲ್ಲ.

ಅವಳ ಪ್ರೋಗ್ರಾಮಿನಲ್ಲಿ ‘ಬೇಲಿ’ ಪೇರೆಂಟ್ ಕ್ಲಾಸು. ಅದು ಸೆಕೆಂಡಿಗೊಂದು ಸಣ್ಣ ಏಟು ಕೊಡುತ್ತದೆ. ತಂತಿಗೆ ಯಾರಾದರೂ ಅಂಟಿಕೊಂಡೇ ಇದ್ದರೆ ಮೂರನೇ ಏಟಿಗೆ ಕರೆಂಟು ನಿಲ್ಲಿಸುತ್ತದೆ. ಆನೆಗೆ ಇದು ಸಾಲದು, ಜೋರಾಗಿ ಹೊಡೆಯುವಂಥದ್ದು ಬೇಕು ಎಂದು ರಾಜಣ್ಣ ಬೆನ್ನು ಬಿದ್ದಾಗ ‘ಆನೆಬೇಲಿ’ ಎಂಬ ಚೈಲ್ಡ್ ಕ್ಲಾಸು ಮಾಡಿ, ಏಟು ಕೊಡುವ ಭಾಗವನ್ನಷ್ಟೇ ಹೊಸದಾಗಿ ಬರೆದಳು. ಮೂರಕ್ಕೆ ನಿಲ್ಲಿಸುವ ಸಾಲುಗಳು ಇದ್ದದ್ದು ಹಳೆಯ ಆ ಭಾಗದೊಳಗೇ. ಅದನ್ನು ಅವಳು ಹೊಸದರೊಳಗಿಂದ ಕರೆಯಲಿಲ್ಲ. ಪರೀಕ್ಷೆ ಮಾಡಿದಾಗಲೂ ಏಟು ಜೋರಾಗಿದೆಯೇ ಎಂದು ನೋಡಿದಳೇ ಹೊರತು, ನಿಲ್ಲುತ್ತದೆಯೇ ಎಂದು ನೋಡಲಿಲ್ಲ. ನಿಲ್ಲುವುದು ಪೇರೆಂಟಿನಿಂದ ಬಂದೇ ಇರುತ್ತದಲ್ಲ ಎಂದುಕೊಂಡಿದ್ದಳು.

ಮೇಜಿನ ಮೇಲಿದ್ದದ್ದು ಆನೆಬೇಲಿಯ ಪೆಟ್ಟಿಗೆ. ಈಗ ಆ ಜಾಗ ಅವಳ ಕಣ್ಣಿಗೆ ಬಿತ್ತು. ಕೊಂದವಳು ತಾನೇ. ಸುತ್ತಿ ಬಳಸಿ ಹೇಳಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

ರಾಜಣ್ಣನಿಗೆ ಎಲ್ಲ ಹೇಳಿದಳು. ಅವನು ಬೈಯಲಿಲ್ಲ. ಉಳಿದ ಹನ್ನೊಂದು ಆನೆಬೇಲಿಗಳನ್ನು ಸರ್ವಿಸ್ ನೆಪದಲ್ಲಿ ಆ ಸಂಜೆಯೊಳಗೇ ಬಿಚ್ಚಿಸಿ ತರಿಸಿದ. ಆಮೇಲೆ ಬಾಗಿಲು ಮುಂದೆ ಮಾಡಿ ಕೂತ.

“ಕುಡ್ದು ತಂತಿ ಮ್ಯಾಲೆ ಬಿದ್ದ ಅಂತ ಪೋಲೀಸ್ನೋರ್ಗೆ ಅವತ್ತೇ ಏಳ್ಬುಟ್ಟಿವ್ನಿ ಕಣಮ್ಮಿ. ನೀನು ಬಾಯ್ ಬುಟ್ರೆ ಇಬ್ರೂ ಜೈಲ್ಗೋಯ್ತೀವಿ.”

ಉಮ್ಮತ್ತೂರಿನಲ್ಲಿದ್ದ ಅವಳ ಮನೆಯ ಒಲೆ ಉರಿಯುತ್ತಿದ್ದುದು ಅವಳ ಸಂಬಳದಲ್ಲೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆ ಸಾಲುಗಳನ್ನು ಓದಬಲ್ಲವರು ಆ ವರ್ಕ್‌ಶಾಪಿನಲ್ಲಿ ಇನ್ನೊಬ್ಬರಿರಲಿಲ್ಲ. ಮಾರನೆಯ ಬೆಳಿಗ್ಗೆ ತನ್ನ ತಪ್ಪನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದಳು. ಪೊಲೀಸ್ ಸ್ಟೇಷನ್ನಿಗೆ ಹೋಗುವ ಮೊದಲು ಹರವೆಯ ಬಸ್ಸು ಹತ್ತಿದಳು.

ಚಿಕ್ಕಮಲ್ಲಪ್ಪನ ಹೆಂಡತಿ ಪುಟ್ಟಸಿದ್ದಮ್ಮ ಜಗಲಿಯ ಮೇಲೆ ಕೂತಿದ್ದಳು. ಕ್ಲಾಸು, ಪೇರೆಂಟು, ಚೈಲ್ಡು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಹರ್ಷಿತಾ ಬದಿಗಿಟ್ಟಳು.

“ಮೂರ್ನೇ ಏಟ್ಗೆ ಬೇಲಿ ನಿಲ್ಬೇಕಿತ್ತು ಕಣವ್ವ. ಆ ಪೆಟ್ಗೆ ಒಳ್ಗೆ ಬರ್ದೋಳು ನಾನೇ, ನಿಲ್ಲೋ ಅಂಗೆ ಬರೀನಿಲ್ಲ. ತಪ್ಪು ನಂದು, ಅವ್ರ್‌ದಲ್ಲ.”

ಕಪಾಳಕ್ಕೆ ಬೀಳುತ್ತದೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದುಕೊಂಡು ತಲೆ ತಗ್ಗಿಸಿ ನಿಂತಳು. ಪುಟ್ಟಸಿದ್ದಮ್ಮ ಕೇಳಿದ್ದು ಬೇರೆಯೇ.

“ಅಂಗಾರೆ ಅವ್ರು ಕುಡ್ದಿರ್ನಿಲ್ವಾ?”

ಇಲ್ಲವೆಂದಳು ಹರ್ಷಿತಾ. ಅದು ವರ್ಕ್‌ಶಾಪಿನವರು ಕಟ್ಟಿದ ಸುಳ್ಳು ಎಂದಳು.

ಪುಟ್ಟಸಿದ್ದಮ್ಮ ಆಗ ಹೇಳಿದಳು. ಚಿಕ್ಕಮಲ್ಲಪ್ಪ ಮಾದಪ್ಪನ ಬೆಟ್ಟದಲ್ಲಿ ಆಣೆಯಿಟ್ಟು ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು. ಆಸ್ಪತ್ರೆಯಿಂದ ಹೆಣ ಬರುವ ಮೊದಲೇ ಕುಡಿದು ಸತ್ತನೆಂಬ ಸುದ್ದಿ ಊರಿಗೆ ಬಂತು. ಮಾದಪ್ಪನಿಗೆ ಕೊಟ್ಟ ಮಾತು ಮುರಿದ ಎಂದು ಅವಳು ಹೆಣದ ಮುಂದೆಯೇ ಬಾಯಿಗೆ ಬಂದಂತೆ ಬೈದಳು. ಮಣ್ಣು ಮಾಡಲು ಬಾ ಎಂದು ಊರವರೆಲ್ಲ ಕೈ ಹಿಡಿದು ಎಳೆದರೂ ಜಗಲಿ ಬಿಟ್ಟು ಏಳಲಿಲ್ಲ.

“ಒಂದಿಡಿ ಮಣ್ಣೂ ಆಕ್ನಿಲ್ವಲ್ಲವ್ವ ನಾನು” ಎಂದಳು.

ಅಳಲಿಲ್ಲ. ಎದ್ದು ಸೆರಗು ಸಿಕ್ಕಿಸಿಕೊಂಡು ಹರ್ಷಿತಾಳ ಕೈ ಹಿಡಿದಳು.

“ನಡಿ, ಅವ್ರ್‌ನ ಮಣ್ಮಾಡಿರೋ ಗುಡ್ಡೆ ತಾವ್ಕೆ ಓಗನ. ಈಗ ಏಳ್ದ್ಯಲ್ಲ, ಅದ್ನ ಅವ್ರ್‌ಗೂ ಏಳು.”