ಎಡಗಡೆಯ ಪ್ರಾಣಿಗಳು

ಹೊಸ ವರ್ಷ ಬಂದರೆ ನಮ್ಮ ಮನೆಯಲ್ಲಿ ಮೊದಲು ಆಗುವ ಕೆಲಸ, ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ ಫ್ರಿಜ್ಜಿಗೆ ಅಂಟಿಸುವುದು. ನಡುವೆ ಒಂದು ಗೆರೆ. ಆಚೆ ನಮ್ಮವರದು, ಈಚೆ ನನ್ನದು. ವರ್ಷವಿಡೀ ಹೊರಗೆ ಕಂಡ ಕಾಡುಪ್ರಾಣಿಗಳನ್ನೆಲ್ಲ ಅದರಲ್ಲಿ ಬರೆಯುತ್ತೇವೆ. ಯಾರು ಮೊದಲು ಕಂಡು ಬಾಯಿಬಿಟ್ಟು ಹೇಳುತ್ತಾರೋ ಪ್ರಾಣಿ ಅವರದು. ಬೋನಿನಲ್ಲಿರುವುದು ಲೆಕ್ಕಕ್ಕಿಲ್ಲ, ಸತ್ತು ಬಿದ್ದಿರುವುದೂ ಲೆಕ್ಕಕ್ಕಿಲ್ಲ. ಒಮ್ಮೆ ನಮ್ಮವರು ಪಕ್ಕದ ಮನೆಯ ಬೆಕ್ಕನ್ನು ಕಾಡುಬೆಕ್ಕು ಎಂದು ಬರೆಯಲು ಹೋಗಿ ನನ್ನ ಕೈಲಿ ಚೆನ್ನಾಗಿ ಅನ್ನಿಸಿಕೊಂಡಿದ್ದರು.

ಅವರು ಶಾಲೆಯ ವ್ಯಾನ್ ಓಡಿಸುತ್ತಾರೆ. ಗ್ಯಾರೇಜಿನವರು ಅವರಿಗೆ ಇಟ್ಟ ಹೆಸರು ಹದ್ದು. ಭಾನುವಾರ ಖಾಲಿ ವ್ಯಾನಿನಲ್ಲಿ ಕೆರೆಯ ಹಿಂದಿನ ರಸ್ತೆಗೆ ಹೋದೆವೆಂದರೆ, ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವರು ಮೊಲ, ಮುಂಗುಸಿ ಎರಡನ್ನೂ ಬಾಚಿಕೊಂಡಿರುತ್ತಿದ್ದರು. ನಾನೋ, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಯ ಕಣ್ಣು ಹುಡುಕುವವಳು. ಪ್ರತಿ ವರ್ಷವೂ ಸೋಲು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಈ ವರ್ಷ ನನ್ನ ಅದೃಷ್ಟ ಖುಲಾಯಿಸಿತು. ನರಿ ನನ್ನದು, ಕಾಡುಹಂದಿ ನನ್ನದು, ನೀರುನಾಯಿಯೂ ನನ್ನದೇ. "ಏನ್ರೀ ಹದ್ದು, ವಯಸ್ಸಾಯ್ತಾ?" ಎಂದು ರೇಗಿಸಿದ್ದೇ ರೇಗಿಸಿದ್ದು. ಅವರು ನಕ್ಕು ಸುಮ್ಮನಾಗುತ್ತಿದ್ದರು. ಸೋತರೆ ಮುಖ ಊದಿಸಿಕೊಂಡು ಕೂರುವ ಗಂಡಸು ಹಾಗೆ ನಕ್ಕಾಗಲೇ ನನಗೆ ಅನುಮಾನ ಬರಬೇಕಿತ್ತು. ಗೆದ್ದ ಜಂಬದಲ್ಲಿ ಬರಲಿಲ್ಲ.

ಮೊನ್ನೆ ಭಾನುವಾರ ಕೆರೆಯ ತಿರುವಿನಲ್ಲಿ ವ್ಯಾನ್ ನಿಲ್ಲಿಸಿದ್ದೆವು. ನನ್ನ ಕಿಟಕಿಯ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಜಿಂಕೆಯೊಂದು ನಿಂತಿತ್ತು. ಕವಲು ಕೊಂಬಿನ ದೊಡ್ಡ ಗಂಡು. ಪಾಪ, ಇದೊಂದಾದರೂ ಅವರಿಗೆ ಸಿಗಲಿ ಎಂದು ನಾನು ಬಾಯಿ ಬಿಗಿಹಿಡಿದು ಕೂತೆ. ಅವರು ಸ್ಟೀರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ಒಂದೆರಡು ಸಲ ಕತ್ತು ತಿರುಗಿಸಿ ನನ್ನ ಕಡೆಗೇ ನೋಡಿದರು. ಜಿಂಕೆ ಕಿವಿ ಅಲ್ಲಾಡಿಸಿತು, ಹುಲ್ಲು ಮೇಯಿತು, ಕೊನೆಗೆ ವ್ಯಾನಿನ ಮುಂದೆಯೇ ರಸ್ತೆ ದಾಟತೊಡಗಿತು. ನಟ್ಟನಡುವೆ ಬಂದ ಮೇಲೆ ಅವರು ಬೆಚ್ಚಿಬಿದ್ದು, "ಇದೆಲ್ಲಿಂದ ಬಂತು?" ಎಂದರು.

ಮನೆಗೆ ಬಂದವಳೇ ಫ್ರಿಜ್ಜಿನ ಮುಂದೆ ನಿಂತೆ. ನರಿ ಕಂಡಿದ್ದು ಎಡಕ್ಕೆ. ಹಂದಿ ಎಡಕ್ಕೆ. ನೀರುನಾಯಿಯೂ ಎಡಕ್ಕೇ. ನಾನು ಗೆದ್ದಿದ್ದೆಲ್ಲ ಎಡಗಡೆಯ ಪ್ರಾಣಿಗಳು. ಊಟಕ್ಕೆ ಕೂತಾಗ ಸದ್ದಿಲ್ಲದೆ ಅವರ ನೀರಿನ ಲೋಟವನ್ನು ಎಡಕ್ಕೆ ಸರಿಸಿದೆ.

"ನೀರು ಇಡಲ್ವೇನೇ?" ಎಂದರು.

"ಎಷ್ಟು ದಿನದಿಂದ ಹೀಗೆ?" ಎಂದೆ.

ಅವರು ಕೈಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು. "ಪೂರ್ತಿ ಹೋಗಿಲ್ಲ ಕಣೇ. ಆ ಕಡೆ ಮಬ್ಬು ಮಬ್ಬು. ಪರೀಕ್ಷೆ ಮುಗ್ದು ರಜ ಬರ್ಲಿ, ಡಾಕ್ಟರ್ ಹತ್ರ ಹೋಗ್ತೀನಿ. ಈಗ ಬಾಯಿಬಿಟ್ರೆ ಕೆಲ್ಸದಿಂದ ತೆಗೀತಾರೆ."

"ವ್ಯಾನ್ ತುಂಬ ಮಕ್ಕಳಿರ್ತಾವಲ್ರೀ. ನಮ್ಮ ಪುಟ್ಟಿನೂ ಇರ್ತಾಳೆ."

"ಅದಕ್ಕೊಂದು ದಾರಿ ಮಾಡ್ಕೊಂಡಿದೀನಿ. ನೀನು ತಲೆ ಕೆಡಿಸ್ಕೋಬೇಡ."

ಪುಟ್ಟಿ ನಮ್ಮ ಮಗಳ ಮಗಳು, ಒಂದನೇ ಕ್ಲಾಸು. ಎಂಥ ದಾರಿ ಎಂದು ಕೇಳಿದರೆ ಬರೀ ಹಾರಿಕೆಯ ಉತ್ತರ. ಆಗಲೇ ಕೀ ಕಸಿದುಕೊಂಡು ಬೀರುವಿಗೆ ಹಾಕಬೇಕಿತ್ತು. ಇಷ್ಟು ವರ್ಷ ಒಂದು ಬೆಕ್ಕಿಗೂ ಗಾಡಿ ತಾಗಿಸದ ಮನುಷ್ಯ ಅಲ್ಲವೇ ಎಂದು ಸುಮ್ಮನಾದೆ. ಆದರೂ ಮನಸ್ಸು ತಡೆಯದೆ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ನಾನೂ ವ್ಯಾನ್ ಹತ್ತಿದೆ. ಮಕ್ಕಳ ಎದುರು ಅವರು ಬೇಡ ಎನ್ನಲಿಲ್ಲ.

ಪುಟ್ಟಿ ಮುಂದಿನ ಎಡ ಸೀಟಿನಲ್ಲಿ ರಾಣಿಯ ಹಾಗೆ ಕೂತಿದ್ದಳು. ನಾನು ಅವಳ ಹಿಂದೆ.

"ಅಜ್ಜಿ, ನಂದೂ ಪಟ್ಟಿ ಇದೆ ಗೊತ್ತಾ?" ಎಂದಳು. "ಈ ಕಡೆ ಬರೋದೆಲ್ಲ ನಾನೇ ತಾತಂಗೆ ಹೇಳ್ಬೇಕು. ಬೈಕ್ ಬಂದ್ರೆ ಮೊಲ, ಕಾರ್ ಬಂದ್ರೆ ಹಂದಿ, ಲಾರಿ ಬಂದ್ರೆ ಆನೆ. ಏನೂ ಇಲ್ಲ ಅಂತ ನಾನು ಹೇಳಿದ್ಮೇಲೇ ತಾತ ಹೋಗೋದು."

ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಅವರು ಕಣ್ಣು ತಪ್ಪಿಸಿದರು. ಗಾಡಿ ನಿಲ್ಲಿಸಿ ಎನ್ನುವಷ್ಟರಲ್ಲಿ ಕಾರ್ಖಾನೆಯ ಅಡ್ಡರಸ್ತೆ ಬಂದೇಬಿಟ್ಟಿತು. ಅಲ್ಲಿ ಅವರು ತಾವಾಗಿಯೇ ನಿಲ್ಲಿಸಿದರು. ಬಲಕ್ಕೆ ನೋಡಿದರು. ಎಡಕ್ಕೂ ತಿರುಗಿದರು, ಆದರೆ ಕಾದಿದ್ದು ಮಗುವಿನ ಮಾತಿಗೆ.

"ಪುಟ್ಟಿ, ಏನಾದ್ರೂ ಇದೆಯಾ?"

ಪುಟ್ಟಿ ಸೀಟಿನ ಮೇಲೆ ಹಿಂದಕ್ಕೆ ತಿರುಗಿ, ಅಲ್ಲಾಡುವ ಹಲ್ಲನ್ನು ನನಗೆ ತೋರಿಸುತ್ತಿದ್ದಳು. ಹಲ್ಲಿನಿಂದ ಬೆರಳು ತೆಗೆಯದೆ, "ಏನೂ ಇಲ್ಲ ತಾತ," ಎಂದಳು.

ವ್ಯಾನ್ ಹೊರಟಿತು. ಎಡಗಡೆಯ ಕಿಟಕಿಯ ತುಂಬ ಲಾರಿಯ ಮೂತಿ.

ನಾನು ಏನೆಂದು ಕಿರುಚಿದೆನೋ ಗೊತ್ತಿಲ್ಲ. ಅವರು ಬ್ರೇಕ್ ಒತ್ತಿದರು, ಮಕ್ಕಳೆಲ್ಲ ಮುಂದಿನ ಸೀಟಿಗೆ ಮುಗ್ಗರಿಸಿದರು. ಹಾರನ್ ಹೊಡೆಯುತ್ತಾ ಲಾರಿ ನಮ್ಮ ಮೂಗಿನ ಮುಂದೆಯೇ ಹಾದುಹೋಯಿತು. ಅದರ ಗಾಳಿಗೆ ವ್ಯಾನ್ ಅಲುಗಿತು.

ಇಳಿದು ಸುತ್ತಿ ಬಂದು, ಅವರ ಕಡೆಯ ಬಾಗಿಲು ತೆಗೆದು ಕೀ ಕಿತ್ತುಕೊಂಡೆ.

"ಮಕ್ಕಳ ಮುಂದೆ ಬೇಡ ಕಣೇ," ಎಂದರು. ನಾನು ಬಿಡಲಿಲ್ಲ.

"ನಾಚ್ಕೆ ಆಗಲ್ವೇನ್ರೀ? ಹಾಲುಹಲ್ಲು ಬೀಳದ ಮಗು ತಲೆ ಮೇಲೆ ಇಷ್ಟು ಜೀವ ಹೊರಿಸಿದೀರಲ್ಲ. ನಾಳೆ ಏನಾದ್ರೂ ಆದ್ರೆ ಆ ಕೂಸು ಹೇಗೆ ಬದುಕ್ಬೇಕು?"

ಉತ್ತರ ಕೊಟ್ಟಿದ್ದು ಪುಟ್ಟಿ. ಯಾವಾಗ ಇಳಿದಳೋ, ನನ್ನ ಹಿಂದೆ ನಿಂತು ಬಟ್ಟೆ ಜಗ್ಗುತ್ತಿದ್ದಳು.

"ತಾತಂಗೆ ಬೈಬೇಡ ಅಜ್ಜಿ," ಎಂದಳು. "ತಪ್ಪು ನಂದು. ಹೋದ್ವಾರ ಮೊಲ ಬಂದಾಗ್ಲೂ ನಾನೇ ನೋಡಿರ್ಲಿಲ್ಲ."